ಅವರಿಗೆಂದೇ ಆರಿಸಿದ ಆ್ಯಪ್

ಚಿಕ್ಕಬಳ್ಳಾಪುರದ ಹೊರಗೆ ಹೆದ್ದಾರಿಯ ಪಕ್ಕದಲ್ಲಿರುವ ಒಂದು ತರಕಾರಿ ನರ್ಸರಿಯಲ್ಲಿ ನಾನು ಕೆಲಸಕ್ಕೆ ಸೇರಿ ಒಂಬತ್ತು ವರ್ಷವಾಯಿತು. ಟೊಮೆಟೊ, ಕೋಸು, ದಪ್ಪ ಮೆಣಸಿನಕಾಯಿ ಸಸಿ ಬೆಳೆಸಿ ರೈತರಿಗೆ ಮಾರುವ ಜಾಗ. ಅಲ್ಲಿ ಪ್ರಚಾರದ ಕೆಲಸ ಮಾಡುವವರಿಗೆ ಮಾರ್ಕೆಟಿಂಗ್ ಟೀಮ್ ಎಂದು ಹೆಸರು. ಟೀಮ್ ಅಂದರೆ ನಾಲ್ಕೇ ಜನ: ನಾನು, ವಿಡಿಯೊ ಮಾಡುವ ಶಿಡ್ಲಘಟ್ಟದ ಹುಡುಗಿ, ಫ್ಲೆಕ್ಸ್ ಡಿಸೈನ್ ಮಾಡುವವನೊಬ್ಬ, ಮತ್ತು ನಾವೆಲ್ಲ ಸರ್ ಎಂದು ಕರೆಯುತ್ತಿದ್ದ ಒಬ್ಬ ಹಿರಿಯರು.

ಸರ್ ಚಿಂತಾಮಣಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಐವತ್ತೇಳೋ ಐವತ್ತೆಂಟೋ ವಯಸ್ಸು. ಯಾವ ಊರಿನ ಯಾವ ಗೋಡೆಯ ಮೇಲೆ ಬರೆಸಬೇಕು, ಯಾವ ಸಂತೆಗೆ ಮೈಕ್ ಕಟ್ಟಿದ ಆಟೋ ಕಳಿಸಬೇಕು, ಯಾವ ರೈತನ ಹೊಲದಲ್ಲಿ ಬೆಳೆ ತೋರಿಸುವ ಕ್ಷೇತ್ರೋತ್ಸವ ಇಟ್ಟರೆ ಸುತ್ತಲಿನ ಹಳ್ಳಿಯವರು ಬರುತ್ತಾರೆ, ಎಲ್ಲವೂ ಅವರ ತಲೆಯಲ್ಲೇ ಇರುತ್ತಿತ್ತು. ಗಡಿಯ ಕಡೆಯ ರೈತರ ಜೊತೆ ತೆಲುಗು, ನಮ್ಮ ಜೊತೆ ಕನ್ನಡ. ನಾನು ಸೇರಿದ ಹೊಸತರಲ್ಲಿ ಅಪರಿಚಿತರ ಮುಂದೆ ಮಾತಾಡಲು ನನಗೆ ನಾಲಗೆ ಏಳುತ್ತಿರಲಿಲ್ಲ. ಅವರೇ ನನ್ನನ್ನು ಹೊಲಗಳಿಗೆ ಕರೆದುಕೊಂಡು ಹೋಗಿ ಕಲಿಸಿದರು. "ಮೊದ್ಲು ಸಸಿ ವಿಷ್ಯ ಎತ್ಬೇಡಮ್ಮಾ. ಅವ್ರ ಬೋರಲ್ಲಿ ನೀರೆಷ್ಟು ಬರ್ತಿದೆ ಕೇಳು. ಆಮೇಲೆ ಅವ್ರೇ ಕೇಳ್ತಾರೆ" ಎನ್ನುತ್ತಿದ್ದರು.

ಎರಡು ವರ್ಷದ ಹಿಂದೆ ಗೌರಿಬಿದನೂರಿನ ನಗರಗೆರೆ ಕಡೆ ಒಂದು ಕ್ಷೇತ್ರೋತ್ಸವ ಇತ್ತು. ರೈತ ಗುರುವಾರ ಬೆಳಿಗ್ಗೆ ಶಾಮಿಯಾನ ಹಾಕಿಸಿ, ಅಡುಗೆ ಮಾಡಿಸಿ, ಜನರನ್ನೂ ಸೇರಿಸಿ ಕಾಯುತ್ತಿದ್ದ. ನಾವು ಮಾತ್ರ ಆಫೀಸಿನಲ್ಲಿ ಕೂತು ಶುಕ್ರವಾರಕ್ಕೆ ಫ್ಲೆಕ್ಸ್ ಜೋಡಿಸುತ್ತಿದ್ದೆವು. ರೈತನಿಗೆ ಗುರುವಾರ ಎಂದವರೂ ಸರ್, ನಮಗೆ ಶುಕ್ರವಾರ ಎಂದವರೂ ಸರ್. ರೈತ ಫೋನ್ ಮಾಡಿದಾಗ ಅವರ ಮುಖ ಬಿಳಿಚಿಕೊಂಡಿತು. "ಶುಕ್ರವಾರ ಅಂತಾನೇ ಹೇಳಿದ್ದು ಕಣಮ್ಮಾ" ಎಂದು ನನ್ನೊಬ್ಬಳಿಗೆ ನಾಲ್ಕು ಸಲ ಹೇಳಿದರು.

ನರ್ಸರಿಯ ಯಜಮಾನರು ಕೂಗಾಡಲಿಲ್ಲ. ನನ್ನನ್ನು ಕರೆದು, "ಎಲ್ಲಾನೂ ಒಬ್ರ ತಲೇಲಿಟ್ಕೊಂಡು ಎಷ್ಟು ದಿನ ನಡೆಸ್ತೀರಾ? ಬೇರೆ ಕಂಪನಿಗಳಲ್ಲಿ ಇದಕ್ಕೆಲ್ಲ ಸಾಫ್ಟ್‌ವೇರ್ ಇದೆಯಂತೆ. ಯಾವುದು ಸರಿ ಹೋಗುತ್ತೆ ನೋಡಿ, ನೀವೇ ಆರಿಸಿ" ಎಂದರು.

ಒಂದು ತಿಂಗಳು ಅದೇ ಕೆಲಸ ಮಾಡಿದೆ. ಯಾವ ಕೆಲಸ ಯಾರದು, ಎಂದಿಗೆ ಮುಗಿಯಬೇಕು, ಎಲ್ಲಿಗೆ ಬಂತು ಎಂದು ತೋರಿಸುವ ಆ್ಯಪ್‌ಗಳು ಎಷ್ಟೊಂದು ಇವೆ ಎಂದು ತಿಳಿದದ್ದೇ ಆಗ. ಮೂರನ್ನು ಇಳಿಸಿಕೊಂಡು ಪರೀಕ್ಷೆ ಮಾಡಿದೆವು. ಮೊದಲನೆಯದು ನೋಡಲು ಚೆಂದ, ವಿಡಿಯೊ ಹುಡುಗಿಗೆ ಬಹಳ ಹಿಡಿಸಿತು. ಆದರೆ ಪೂರ್ತಿ ಇಂಗ್ಲಿಷು. ಸರ್ ಕನ್ನಡಕ ಏರಿಸಿ, ಇಳಿಸಿ, ಫೋನನ್ನು ಮೇಜಿನ ಮೇಲಿಟ್ಟುಬಿಟ್ಟರು. ಎರಡನೆಯದು ಹಳ್ಳಿಗಳಲ್ಲಿ ಸಿಗ್ನಲ್ ಇಲ್ಲದ ಕಡೆ ತೆರೆದುಕೊಳ್ಳುತ್ತಲೇ ಇರಲಿಲ್ಲ. ಮೂರನೆಯದರಲ್ಲಿ ಕನ್ನಡದಲ್ಲಿ ಬರೆಯಬಹುದಿತ್ತು. ಬರೆಯಲು ಬೇಸರವಾದರೆ ಗುಂಡಿ ಒತ್ತಿ ಬಾಯಲ್ಲೇ ಹೇಳಬಹುದಿತ್ತು. ಹೇಳಿದ್ದು ಹೇಳಿದ ಹಾಗೇ ಉಳಿಯುತ್ತಿತ್ತು. ಹಿಂದಿನ ದಿನವೇ ಫೋನ್ ಸದ್ದು ಮಾಡಿ ನೆನಪಿಸುತ್ತಿತ್ತು.

ನಾನು ಮೂರನೆಯದನ್ನು ಆರಿಸಿದೆ. ಯಜಮಾನರಿಗೆ ಕೊಟ್ಟ ಕಾಗದದಲ್ಲಿ ಏನೇನೋ ಕಾರಣ ಬರೆದಿದ್ದೆ. ನಿಜವಾದ ಕಾರಣ ಸರ್. ವಯಸ್ಸಾಯಿತು, ಹತ್ತಾರು ಊರಿನ ಕೆಲಸ, ಒಂದು ತಾರೀಖು ತಪ್ಪಿತು, ಇದೊಂದು ಕೈಯಲ್ಲಿದ್ದರೆ ಇನ್ನು ತಪ್ಪುವುದಿಲ್ಲ ಎಂದುಕೊಂಡಿದ್ದೆ.

ಮೊದಲ ಕೆಲವು ವಾರ ಅವರು ಮಕ್ಕಳ ಹಾಗೆ ಖುಷಿಪಟ್ಟರು. ಬಸ್ಸಿನಲ್ಲಿ ಕೂತು ಆ್ಯಪಿಗೆ ಮಾತು ಹೇಳುತ್ತಿದ್ದರು. ಕಂಡಕ್ಟರ್ ದನಿ, ಹಾರನ್ನು, ಅದರ ನಡುವೆ ಅವರ ಗಂಭೀರ ದನಿ: "ಶಿಡ್ಲಘಟ್ಟದ ಫ್ಲೆಕ್ಸ್ ಅಳತೆ ಕೇಳಬೇಕು." ನಾವು ಆಫೀಸಿನಲ್ಲಿ ಕೇಳಿಕೊಂಡು ನಗುತ್ತಿದ್ದೆವು.

ಒಂದು ಬೆಳಿಗ್ಗೆ ನಾನು ಆ್ಯಪ್ ತೆರೆದಾಗ ಆ ಫ್ಲೆಕ್ಸಿನ ಮಾತು ಮೂರು ಸಲ ಇತ್ತು. ಕೈತಪ್ಪಿ ಒತ್ತಿರಬೇಕು ಎಂದು ಒಂದೊಂದಾಗಿ ಕೇಳಿದೆ. ಕೈತಪ್ಪಿ ಒತ್ತಿದ್ದಲ್ಲ. ಒಂದನ್ನು ಚಿಂತಾಮಣಿಯಲ್ಲಿ ಬಸ್ಸು ಹೊರಡುವ ಮೊದಲು ಹೇಳಿದ್ದರು, ಇನ್ನೊಂದನ್ನು ದಾರಿಯಲ್ಲಿ, ಮತ್ತೊಂದನ್ನು ನಮ್ಮ ಗೇಟಿನ ಹತ್ತಿರ. ಮೂರರಲ್ಲೂ ಅದೇ ಪದಗಳು, ಆಗಷ್ಟೇ ಹೊಳೆದಂಥ ಅದೇ ಉತ್ಸಾಹ. ಆ ಫ್ಲೆಕ್ಸಿನ ಅಳತೆಯನ್ನು ಅವರು ಹಿಂದಿನ ದಿನವೇ ಕೇಳಿ ನನಗೆ ಹೇಳಿಯಾಗಿತ್ತು.

ನಾನು ಮೂರನ್ನೂ ಅಳಿಸಿದೆ. ಯಜಮಾನರು ದಿನಾ ಹತ್ತು ಗಂಟೆಗೆ ಆ್ಯಪನ್ನು ನೋಡುತ್ತಿದ್ದರು.

ಮರುದಿನ ಇನ್ನೆರಡು ಬಂದವು. ಆಮೇಲೆ ಅದು ನನ್ನ ಬೆಳಗಿನ ಕೆಲಸವೇ ಆಯಿತು. ಒಂಬತ್ತೂವರೆಗೆ ಬಂದು, ಬ್ಯಾಗ್ ಇಟ್ಟು, ಸರ್ ಎರಡು ಮೂರು ಸಲ ಹೇಳಿದ್ದನ್ನು ತೆಗೆಯುವುದು, ಅವರು ಮರೆತದ್ದನ್ನು ಮುಗಿಯಿತು ಎಂದು ಗುರುತು ಹಾಕುವುದು, ಆಮೇಲೆ ಆ ಕೆಲಸವನ್ನು ನಾನೇ ಮಾಡುವುದು. ಒಂದು ಮಧ್ಯಾಹ್ನ ಊಟದ ಡಬ್ಬಿ ತೊಳೆಯುತ್ತಿದ್ದಾಗ ವಿಡಿಯೊ ಹುಡುಗಿ ಪಕ್ಕಕ್ಕೆ ಬಂದು ನಿಂತಳು.

"ಅಕ್ಕಾ, ನೀವು ಡಿಲೀಟ್ ಮಾಡ್ತಿರೋದು ನಂಗೊತ್ತು."

"ಯಾರ್ಗೂ ಹೇಳ್ಬೇಡ ಕಣೇ."

"ಹೇಳಲ್ಲ. ಆದ್ರೆ ಅವ್ರ ಮನೇಲಾದ್ರೂ ಹೇಳ್ಬೇಕಲ್ವಾ?"

ನಾನು ಡಬ್ಬಿಯ ಮುಚ್ಚಳ ಉಜ್ಜತೊಡಗಿದೆ. ಹೇಳಬೇಕು ಎಂದು ಗೊತ್ತಿತ್ತು. ಹೇಳಿಬಿಟ್ಟರೆ ಅದು ನಿಜವಾಗಿಬಿಡುತ್ತದೆ ಎಂಬ ಭಯವೂ ಇತ್ತು. ಹಾಗೇ ಎರಡು ತಿಂಗಳು ಕಳೆದೆ.

ಕೊನೆಗೆ ಅದನ್ನು ಕಂಡುಹಿಡಿದವರು ಅವರೇ. ಒಂದು ದಿನ ನಾನು ಅಮ್ಮನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ಮಧ್ಯಾಹ್ನ ಆಫೀಸಿಗೆ ಬಂದೆ. ಸರ್ ಕಿಟಕಿ ಪಕ್ಕದ ಕುರ್ಚಿಯಲ್ಲಿ ಫೋನನ್ನು ಕಿವಿಗೆ ಹಿಡಿದು ಕೂತಿದ್ದರು. ನನ್ನನ್ನು ನೋಡಿ ಹತ್ತಿರ ಕರೆದರು. ಫೋನಿನಲ್ಲಿ ಅವರದೇ ದನಿ ಓಡುತ್ತಿತ್ತು. ಚಿಂತಾಮಣಿ ಮಾರುಕಟ್ಟೆ ಹತ್ತಿರ ಹೊಸ ಗೋಡೆ ಸಿಕ್ಕಿದೆ, ಪೇಂಟರನ್ನು ಕಳಿಸಬೇಕು. ಅದು ಮುಗಿದ ಮೇಲೆ ಮತ್ತೆ ಅದೇ. ಮತ್ತೆ ಅದೇ. ಅಂದು ಅಳಿಸುವವರು ಯಾರೂ ಇರಲಿಲ್ಲ.

"ಇದು ನನ್ ದನೀನೇ ಅಲ್ವೇನಮ್ಮಾ?"

"ಹೌದು ಸರ್."

"ಯಾವಾಗ ಹೇಳ್ದೆ ನಾನು?"

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಹೊಲದಲ್ಲಿ ರೈತನ ಮುಖ ನೋಡಿಯೇ ಅವನ ಮನಸ್ಸು ಹೇಳುತ್ತಿದ್ದ ಮನುಷ್ಯ.

"ನಿಂಗೆ ಮೊದ್ಲೇ ಗೊತ್ತಿತ್ತಾ?"

ಹೌದೆಂದು ತಲೆಯಾಡಿಸಿದೆ. ಬೈಯುತ್ತಾರೆ ಅಂದುಕೊಂಡೆ. ಅವರು ಫೋನನ್ನು ಜೇಬಿಗೆ ಹಾಕಿಕೊಂಡು, ಎದ್ದು, ಸಸಿ ಮನೆಯ ಕಡೆ ನಡೆದರು. ಸಂಜೆಯ ಬಸ್ಸಿನವರೆಗೂ ಅಲ್ಲೇ ಟ್ರೇಗಳ ಸಾಲಿನ ನಡುವೆ ಓಡಾಡುತ್ತಿದ್ದರು. ನೀರು ಹಾಕುವ ಹೆಂಗಸರು ಏನು ಸರ್ ಎಂದು ಕೇಳಿದರೆ ಏನಿಲ್ಲಮ್ಮಾ ಎನ್ನುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು.

ಮಾರನೆಯ ದಿನ ನಾನೇ ಅವರ ಹೆಂಡತಿಗೆ ಫೋನ್ ಮಾಡಿದೆ. ಆಕೆಗೆ ಆಶ್ಚರ್ಯವಾಗಲಿಲ್ಲ. ಮನೆಯಲ್ಲೂ ಗ್ಯಾಸ್ ಆರಿಸಲು ಮರೆಯುವುದು, ಒಂದೇ ಸೊಪ್ಪನ್ನು ಎರಡೆರಡು ಸಲ ತರುವುದು ನಡೆದಿತ್ತಂತೆ. "ಆಫೀಸ್ನಲ್ಲಿ ಸರಿಯಾಗಿದ್ದಾರಲ್ಲ, ಇಲ್ಲಿ ಏನೋ ಯೋಚ್ನೇಲಿ ಮರೀತಾರೆ ಅಂದ್ಕೊಂಡಿದ್ದೆ ಕಣಮ್ಮಾ" ಎಂದರು. ಆಫೀಸಿನಲ್ಲಿ ಅವರು ಸರಿಯಾಗಿ ಕಾಣುವ ಹಾಗೆ ಮಾಡಿದ್ದವಳು ನಾನು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಅದು ನೆನಪನ್ನು ತಿನ್ನುವ ಕಾಯಿಲೆ, ವಾಸಿಯಾಗುವುದಿಲ್ಲ, ಔಷಧಿಯಿಂದ ಸ್ವಲ್ಪ ನಿಧಾನ ಮಾಡಬಹುದು ಎಂದರಂತೆ. ಎರಡು ತಿಂಗಳು ಮೊದಲೇ ಬಂದಿದ್ದರೆ ವ್ಯತ್ಯಾಸವಾಗುತ್ತಿತ್ತೇ ಎಂದು ಯಾರೂ ಕೇಳಲಿಲ್ಲವಂತೆ. ನಾನೂ ಯಾರನ್ನೂ ಕೇಳಲಿಲ್ಲ.

ಯಜಮಾನರ ಹತ್ತಿರ ಹೋಗಿ ನಡೆದದ್ದೆಲ್ಲ ಹೇಳಿದೆ. ಅವರಿಗೆ ಅರ್ಧ ಗೊತ್ತೇ ಇತ್ತು. ಯಾರು ಯಾವಾಗ ಏನು ಅಳಿಸಿದರು ಎಂಬುದನ್ನೂ ಆ ಆ್ಯಪ್ ಒಂದು ಕಡೆ ಇಟ್ಟುಕೊಳ್ಳುತ್ತದೆ ಎಂದು, ಒಂದು ತಿಂಗಳು ಪರೀಕ್ಷೆ ಮಾಡಿ ಆರಿಸಿದ ನನಗೇ ಗೊತ್ತಿರಲಿಲ್ಲ. "ಒಳ್ಳೇದಕ್ಕೇ ಮಾಡಿದ್ರಿ, ಗೊತ್ತು" ಎಂದರು ಯಜಮಾನರು. "ನಂಗಾದ್ರೂ ಹೇಳ್ಬೋದಿತ್ತಲ್ಲಮ್ಮಾ. ನಾನೂ ನೋಡ್ಕೊಂಡು ಸುಮ್ನಿದ್ದೆ ಅನ್ನಿ" ಎಂದರು.

ಸರ್ ಕೆಲಸ ಬಿಟ್ಟರು. ಬೀಳ್ಕೊಡುಗೆಗೆ ಹಾರ, ಭಾಷಣ ಏನೂ ಬೇಡ ಎಂದರು. ಮೈಸೂರು ಪಾಕಿನ ಡಬ್ಬಿ ತಂದು ಎಲ್ಲರಿಗೂ ಅವರೇ ಹಂಚಿದರು. ವಿಡಿಯೊ ಹುಡುಗಿಗೆ ಎರಡು ಸಲ ಕೊಟ್ಟರು. ಅವಳು ಎರಡನ್ನೂ ತಗೊಂಡು ಥ್ಯಾಂಕ್ಸ್ ಸರ್ ಎಂದು ಹೊರಗೆ ಹೋಗಿ ಅತ್ತಳು.

ಅವರ ಹೆಸರನ್ನು ಆ್ಯಪಿನಿಂದ ತೆಗೆಯುವ ಕೆಲಸ ನನಗೇ ಬಂತು. ತೆಗೆಯಲು ಹೋದರೆ, ಇವರ ಉಳಿದ ಕೆಲಸಗಳನ್ನು ಯಾರಿಗೆ ಕೊಡಬೇಕು ಎಂದು ಅದು ಕೇಳಿತು. ನನ್ನ ಹೆಸರು ಒತ್ತಿದೆ. ನಗರಗೆರೆ, ಚೇಳೂರು ಕಡೆ, ಚಿಂತಾಮಣಿಯ ಸುತ್ತಲಿನ ಹಳ್ಳಿಗಳೆಲ್ಲ ಒಂದೇ ಸಲಕ್ಕೆ ನನ್ನ ಪಟ್ಟಿಗೆ ಬಂದು ಸೇರಿದವು. ಈಗಲೂ ಹೊಲಕ್ಕೆ ಹೋದರೆ ರೈತರು ಮೊದಲು ಕೇಳುವುದು ಸಾರ್ ಎಲ್ಲಿ ಎಂದು. ಆರೋಗ್ಯ ಸರಿಯಿಲ್ಲ ಎನ್ನುತ್ತೇನೆ. ಅದಕ್ಕಿಂತ ಹೆಚ್ಚು ಹೇಳಲು ಬಾಯಿ ಬರುವುದಿಲ್ಲ.

ಕಳೆದ ವರ್ಷ ಚಿಂತಾಮಣಿಯಲ್ಲಿ ಕೆಲಸವಿತ್ತು, ಅವರ ಮನೆಗೆ ಹೋದೆ. ಸರ್ ವರಾಂಡದಲ್ಲಿ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಕೂತಿದ್ದರು. ನನ್ನನ್ನು ನೋಡಿ ನಕ್ಕರು. ನನ್ನ ಜೊತೆ ಏಳು ವರ್ಷ ಕನ್ನಡವನ್ನೇ ಆಡಿದ್ದವರು ಅಂದು ತೆಲುಗಿನಲ್ಲಿ, "ಮೀದಿ ಏ ಊರಮ್ಮಾ?" ಎಂದರು. ನಿಮ್ಮದು ಯಾವ ಊರು ಎಂದು.

"ಗೌರಿಬಿದನೂರು" ಎಂದೆ.

ಹೌದಾ ಎಂಬಂತೆ ತಲೆಯಾಡಿಸಿ, ನಮ್ಮ ಬೋರಿನಲ್ಲಿ ನೀರು ಹೇಗಿದೆ ಎಂದು ಕೇಳಿದರು. ನಮಗೆ ಹೊಲವೂ ಇಲ್ಲ, ಬೋರೂ ಇಲ್ಲ. ಚೆನ್ನಾಗಿದೆ, ಎರಡು ಇಂಚು ಬರ್ತಿದೆ ಎಂದು ನನಗೆ ಬರುವಷ್ಟು ತೆಲುಗಿನಲ್ಲಿ ಹೇಳಿದೆ. ಅವರಿಗೆ ಸಂತೋಷವಾಯಿತು. ಟೊಮೆಟೊ ಹಾಕಿ, ಒಳ್ಳೆಯ ಸಸಿ ಕೊಡಿಸುತ್ತೇನೆ ಎಂದರು. ಅರ್ಧ ಗಂಟೆ ಹಾಗೇ ಮಾತಾಡಿದೆವು. ಅಷ್ಟು ಹೊತ್ತೂ ನಾನು ಅವರಿಗೆ ಒಬ್ಬ ರೈತ ಹೆಂಗಸು.

ಅವರ ಹೆಂಡತಿ ಬಸ್ ಸ್ಟಾಪಿನವರೆಗೂ ನನ್ನ ಜೊತೆ ಬಂದರು. "ಯಾರಾದ್ರೂ ಬಂದು ಮಾತಾಡಿದ್ರೆ ಆ ದಿನ ಹೊಟ್ಟೆತುಂಬ ಊಟ ಮಾಡ್ತಾರೆ. ಬರ್ತಿರಮ್ಮಾ" ಎಂದರು.

"ಬರ್ತೀನಿ ಅಮ್ಮಾ" ಎಂದೆ. ಅದಾದ ಮೇಲೆ ಚಿಂತಾಮಣಿಗೆ ಎಷ್ಟೋ ಸಲ ಹೋಗಿದ್ದೇನೆ. ಆ ಮನೆಗೆ ಹೋದದ್ದು ಅದೊಂದೇ ಸಲ.