ಕ್ಯಾಮು, ಕ್ಯಾಮೆ ಮತ್ತು ಕುಕ್ಕುವ ಕೋಳಿ

ನನ್ನ ಮೊಮ್ಮಗಳು ಬೈಕಿನ ರೇಸಿನಲ್ಲಿ ಏರು ಹತ್ತಿದ ಸುದ್ದಿಯನ್ನು ಬೀದಿಯಲ್ಲಿ ಎಲ್ಲರಿಗೂ ಎರಡೆರಡು ಸಲ ಹೇಳಿ ಆಗಿದೆ. ಈಗ ನಾನು ಬಾಯಿ ತೆಗೆದರೆ ಸಾಕು, ಪಕ್ಕದ ಮನೆಯವಳು ಒಲೆ ಮೇಲೆ ಹಾಲಿದೆ ಎಂದು ಒಳಗೆ ಓಡುತ್ತಾಳೆ. ಅದಕ್ಕೇ ಬರೆಯಲು ಕೂತಿದ್ದೇನೆ. ಓದಿದ್ದು ನಾಲ್ಕನೇ ಕ್ಲಾಸು, ಅದೂ ಪೂರ್ತಿಯಲ್ಲ. ಒತ್ತಕ್ಷರ ತಪ್ಪಿದ್ದರೆ ನೀವೇ ಸರಿಮಾಡಿಕೊಂಡು ಓದಿ. ಸಂಗತಿ ಮಾತ್ರ ಒಂದೂ ತಪ್ಪಿಲ್ಲ.

ನಾನು ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವವಳು. ವಿರೂಪಾಕ್ಷಿಪುರದ ಕಡೆಯ ರಾಗಿ ಹೊಲದ ಮನೆಯಲ್ಲಿ ಹುಟ್ಟಿ, ಮದುವೆಯಾಗಿ ಇಲ್ಲಿಗೆ ಬಂದು, ಲೇತಿನ ಮುಂದೆ ಕೂತವಳು ಇವತ್ತಿಗೂ ಎದ್ದಿಲ್ಲ. ಮಗನ ಮಗಳು ಡಿಪ್ಲೊಮಾ ಮುಗಿಸಿ ಬಿಡದಿಯ ಒಂದು ಕಾರ್ಖಾನೆಗೆ ಸೇರಿದ ಮೇಲೆ ನನ್ನ ಜೊತೆಯಲ್ಲೇ ಇದ್ದಾಳೆ. ಅವಳ ಹಳೇ ಬೈಕು ನನ್ನ ಲೇತಿನ ಪಕ್ಕದಲ್ಲೇ ನಿಲ್ಲುತ್ತದೆ. ನನ್ನ ಅರಗಿನ ವಾಸನೆ, ಅವಳ ಆಯಿಲಿನ ವಾಸನೆ ಎರಡೂ ಸೇರಿ ಮನೆಗೆ ಬಂದವರು ಮೂಗು ಮುಚ್ಚಿಕೊಳ್ಳುತ್ತಾರೆ. ನಮ್ಮಿಬ್ಬರಿಗೂ ಏನೂ ಗೊತ್ತಾಗುವುದಿಲ್ಲ.

ಒಂದು ದಿನ ಮುದ್ದೆ ಮುರಿಯುತ್ತಾ, "ಅಜ್ಜೀ, ಕ್ಯಾಮ್ ಚೇಂಜ್ ಮಾಡ್ಬೇಕು ಅಂತಿದೀನಿ" ಅಂದಳು.

ನಮ್ಮ ಕಡೆ ಕ್ಯಾಮೆ ಅಂದರೆ ಕೆಲಸ. ನನಗೆ ತಲೆ ತಿರುಗಿತು.

"ಯಾಕವ್ವಾ? ಬಿಡದಿ ಕ್ಯಾಮೆಗೆ ಏನಾಗೈತೆ? ಕಂಪ್ನಿ ಬಸ್ಸು ಬೀದಿ ಬಾಗ್ಲಿಗೇ ಬತ್ತದೆ, ಊಟ ಅಲ್ಲೇ ಇಕ್ತಾರೆ, ಮೈಯೆಲ್ಲಾ ಎಣ್ಣೆ ಮಾಡ್ಕೊಂಡು ಬಂದ್ರೂ ಯಾರೂ ಬಯ್ಯಾಕಿಲ್ಲ. ಇರೋ ಕ್ಯಾಮೆ ಬುಟ್ಟು ಇಲ್ದಿರೋ ಕ್ಯಾಮೆ ಉಡುಕ್ತೀಯಾ?"

ಬೈದೆ, ಚೆನ್ನಾಗಿ ಬೈದೆ. ಸಾರು ಆರುವವರೆಗೂ ಬೈದೆ. ಅವಳು ಮೊದಲು ಕಣ್ಣು ಬಿಟ್ಟು ನೋಡಿದಳು, ಆಮೇಲೆ ನಕ್ಕಳು, ನಕ್ಕು ನಕ್ಕು ಮುದ್ದೆ ಗಂಟಲಿಗೆ ಸಿಕ್ಕಿ ನಾನೇ ಬೆನ್ನು ಗುದ್ದಬೇಕಾಯಿತು.

"ಕ್ಯಾಮೆ ಅಲ್ಲ ಕಣಜ್ಜಿ, ಕ್ಯಾಮು! ಇಂಜಿನ್ ಒಳಗಿರೋ ಕ್ಯಾಮ್ ಶಾಫ್ಟು!"

"ಅಲ್ಲಿ ಅದೇನ್ ಕ್ಯಾಮೆ ಮಾಡ್ತದೆ?"

"ಬಾಗ್ಲು ತೆಗೆಯೋದು, ಮುಚ್ಚೋದು. ಅದೇ ಅದರ ಕ್ಯಾಮೆ."

ಕೈ ತೊಳೆದು ಬಂದು ಬ್ಯಾಗಿನಿಂದ ಬಟ್ಟೆಯಲ್ಲಿ ಸುತ್ತಿದ್ದ ಮೂರು ಕಬ್ಬಿಣದ ತುಂಡುಗಳನ್ನು ತೆಗೆದು ಚಾಪೆ ಮೇಲೆ ಇಟ್ಟಳು. ಗೇಣಿಗಿಂತ ಚಿಕ್ಕವು. ಒಂದೊಂದು ಕಡ್ಡಿಗೂ ಕೋಳಿಮೊಟ್ಟೆಯನ್ನು ಉದ್ದಕ್ಕೆ ಕೊಯ್ದು ಸಿಕ್ಕಿಸಿದ ಹಾಗೆ ಎರಡೆರಡು ಉಬ್ಬು. ನನಗೆ ನಗು ತಡೆಯಲಾಗಲಿಲ್ಲ. ಇದನ್ನು ನಾನು ಜನ್ಮವಿಡೀ ಮಾಡಿದ್ದೇನೆ! ದಾರ ಕಟ್ಟಿ ಎಳೆಯುವ ಗಾಡಿಯ ಮೇಲೆ ಕುಕ್ಕುವ ಕೋಳಿ ಇರುತ್ತದಲ್ಲ, ಅದರ ಹೊಟ್ಟೆಯೊಳಗೆ ಇರುವುದು ಇದೇ. ಚಕ್ರದ ಅಚ್ಚಿಗೆ ಮೊಟ್ಟೆಯಾಕಾರದ ಬಿಲ್ಲೆ, ಅದರ ಮೇಲೆ ಒಂದು ಕಡ್ಡಿ, ಕಡ್ಡಿಯ ತುದಿಗೆ ಕೋಳಿ. ಚಕ್ರ ತಿರುಗಿದರೆ ಉಬ್ಬು ಬಂದು ಕಡ್ಡಿಯನ್ನು ಎತ್ತುತ್ತದೆ, ಉಬ್ಬು ಹೋದರೆ ಕಡ್ಡಿ ಇಳಿಯುತ್ತದೆ. ಇಂಜಿನ್ನಿನಲ್ಲಿ ಕೋಳಿಯ ಜಾಗದಲ್ಲಿ ವಾಲ್ವು. ಅದು ತೆರೆದರೆ ಪೆಟ್ರೋಲು ಬೆರೆತ ಗಾಳಿ ಒಳಗೆ, ಇನ್ನೊಂದು ತೆರೆದರೆ ಹೊಗೆ ಹೊರಗೆ.

ಯಾಕೆ ಬದಲಾಯಿಸಬೇಕು ಎಂದರೆ, ಹೋದ ವರ್ಷದ ಅವಮಾನಕ್ಕೆ. ಮಾಗಡಿಯಾಚೆ ಒಂದು ಬೀಳು ಹೊಲದಲ್ಲಿ ಮಣ್ಣಿನ ದಾರಿ ಮಾಡಿ ರೇಸು ನಡೆಸುತ್ತಾರೆ. ಇವಳು ಬೈಕು ಕಂಪನಿಯವರು ಕೊಟ್ಟ ಇಂಜಿನ್ನಿನಲ್ಲೇ, ಏನೂ ಬದಲಾಯಿಸದೆ ಹೋಗಿದ್ದಳು. ನೇರ ದಾರಿಯಲ್ಲಿ ಎಲ್ಲರೂ ದಾಟಿದರು. ಮುಂದಿನ ತಿರುವು ಮುಗಿದ ಕೂಡಲೇ ಒಂದು ಕಡಿದಾದ ಏರು ಇದೆ, ಸಡಿಲ ಮಣ್ಣು. ಅವರನ್ನು ಹಿಡಿಯುವ ಆತುರದಲ್ಲಿ ಏರಿನ ನಡುವೆ ತಪ್ಪು ಗೇರು ಹಾಕಿ ನಿಂತುಬಿಟ್ಟಳು. ಮಾಗಡಿಯ ಕಡೆಯವನೊಬ್ಬ, ನೀಲಿ ಹೆಲ್ಮೆಟ್ಟಿನವನು, ಬೈಕನ್ನು ಹಿಂದಿನಿಂದ ತಳ್ಳಿ ಹತ್ತಿಸಿ, ಎಲ್ಲರಿಗೂ ಕೇಳುವ ಹಾಗೆ ಅಂದನಂತೆ: "ಮುಂದ್ಲ ಸಲ ಬೈಕ್ ಬ್ಯಾಡ, ನಿಮ್ಮೂರ್ ಗೊಂಬೆನೇ ತಕ್ಕಂಬಾರಮ್ಮ!" ಕೊನೆಯವಳಾಗಿ ಬಂದಳು. ಅದಕ್ಕಲ್ಲ, ಆ ತಳ್ಳಿದ ಕೈಗೆ ಅವಳು ವರ್ಷವಿಡೀ ಕುದ್ದಳು. ಈ ಸಲ ಯಾರ ಕೈಯೂ ತಾಗದೆ ಏರು ಹತ್ತಬೇಕು. ಅಷ್ಟೇ ಅವಳ ಹಟ.

ಕ್ಯಾಮುಗಳನ್ನು ಕೊಟ್ಟವನು ರಾಮನಗರದ ಮೆಕ್ಯಾನಿಕ್. ಅವನ ಹಿರಿಯರು ರೇಷ್ಮೆ ನೂಲು ತೆಗೆಯುತ್ತಿದ್ದವರು, ಇವನ ಕೈ ಇಂಜಿನ್ನಿಗೆ ತಿರುಗಿತು. ಕಂಪನಿಯದು ಒಂದು, ಉಬ್ಬು ಸ್ವಲ್ಪ ಹೆಚ್ಚಿರುವುದು ಒಂದು, ತೀರಾ ದಪ್ಪನೆಯದು ಒಂದು. "ಯೋಚನೆ ಮಾಡಿ ಗುರುವಾರ ಹೇಳು. ಶುಕ್ರವಾರ ನಾನು ಕನಕಪುರಕ್ಕೆ ತಂಗಿ ಮಗಳ ಮದುವೆಗೆ ಹೋಗ್ತೀನಿ. ಭಾನುವಾರ ನಿನ್ನ ರೇಸು. ಒಂದ್ಸಲ ಇಂಜಿನ್ ಮುಚ್ಚಿದ್ರೆ ಮತ್ತೆ ಬಿಚ್ಚೋಕೆ ಟೈಮಿಲ್ಲ" ಎಂದಿದ್ದನಂತೆ. ಒಂದೇ ಸಲದ ಆಯ್ಕೆ.

ಅವಳ ಮನಸ್ಸು ದಪ್ಪನೆಯದರ ಮೇಲೆ ಕೂತಿತ್ತು. ರೇಸಿನ ಹುಡುಗರು ಎಲ್ಲರೂ ಅದನ್ನೇ ಹಾಕಿದ್ದಾರೆ, ಫೋನಿನಲ್ಲಿ ಎಲ್ಲರೂ ಅದನ್ನೇ ಹೊಗಳುತ್ತಾರೆ.

ಮಾರನೇ ದಿನ ಅವಳು ಕಾರ್ಖಾನೆಯಿಂದ ಬರುವಷ್ಟರಲ್ಲಿ ನಾನು ಗೊಂಬೆಗೆ ಬಳಸುವ ಆಲೆ ಮರದಲ್ಲಿ ಮೂರು ಬಿಲ್ಲೆ ಮಾಡಿ ಇಟ್ಟಿದ್ದೆ. ಕಬ್ಬಿಣದ ಉಬ್ಬುಗಳ ಆಕಾರವನ್ನೇ ಕಣ್ಣಳತೆಯಲ್ಲಿ ದೊಡ್ಡದು ಮಾಡಿ. ಅಳತೆಕಡ್ಡಿ ತಂದು ಅಳೆದು ನೋಡಿದಳು. "ಅಜ್ಜೀ, ಕೂದಲೆಳೆ ವ್ಯತ್ಯಾಸ!" ಅಂದಳು. ಇರಲೇಬೇಕಲ್ಲ, ಯಾರ ಕಣ್ಣು ಇದು!

ದಪ್ಪ ಬಿಲ್ಲೆಯನ್ನು ಕೋಳಿಗಾಡಿಗೆ ಹಾಕಿ, "ಜೋರಾಗಿ ಎಳಿ" ಎಂದೆ. ಅಂಗಳದುದ್ದಕ್ಕೂ ಕೋಳಿ ಟಕಟಕ ಕುಣಿಯಿತು. ನೋಡಲು ಏನು ಚೆಂದ! "ಈಗ ನಿಧಾನಕ್ಕೆ ಎಳಿ." ಉಬ್ಬಿಗೆ ಕಡ್ಡಿ ಸಿಕ್ಕಿ ಚಕ್ರ ನಿಂತಿತು, ಗಾಡಿ ತಿರುಗದೆ ನೆಲದ ಮೇಲೆ ಜಾರಿತು, ಕೊನೆಗೆ ಮಗುಚಿಕೊಂಡಿತು.

"ಕಂಡ್ಯಾ?" ಎಂದೆ ಗೆದ್ದವಳ ಹಾಗೆ.

"ಇದು ಗೊಂಬೆ ಅಜ್ಜಿ. ಇಂಜಿನ್ನಲ್ಲಿ ಕಾರಣ ಬ್ಯಾರೆ" ಎಂದು ಅವಳೂ ಸೋಲಲಿಲ್ಲ. "ದಪ್ಪ ಕ್ಯಾಮ್ ಹಾಕಿದ್ರೆ ಬಾಗ್ಲು ತುಂಬಾ ಹೊತ್ತು ತೆಕ್ಕೊಂಡಿರ್ತದೆ. ಇಂಜಿನ್ ಜೋರಾಗಿ ತಿರುಗ್ತಿದ್ರೆ ಗಾಳಿ ಒಂದೇ ಏಟಿಗೆ ನುಗ್ಗಿ ತುಂಬ್ಕೊಳ್ತದೆ, ಪವರ್ ಬತ್ತದೆ. ನಿಧಾನಕ್ಕೆ ತಿರುಗ್ತಿದ್ರೆ, ಒಳಗೆ ಬಂದಿದ್ದು ಒಸಿ ವಾಪಸ್ ಆಚೆಗೇ ಹೋಗ್ಬುಡ್ತದೆ."

"ಓ, ಆಡು ಕೂಡಿದಂಗೆ."

"ಏನು?"

ನನ್ನ ತವರಿನಲ್ಲಿ ಆಡುಗಳಿದ್ದವು. ಸಂಜೆ ಕೊಟ್ಟಿಗೆಗೆ ಕೂಡುವುದು ನನ್ನ ಪಾಲಿನ ಕೆಲಸ. ಹಿಂದಿನಿಂದ ಜೋರಾಗಿ ಅಟ್ಟಿಕೊಂಡು ಬಂದರೆ ಬಾಗಿಲು ಎಷ್ಟು ಹೊತ್ತು ತೆರೆದಿದ್ದರೂ ಚಿಂತೆಯಿಲ್ಲ, ಒಂದರ ಮೇಲೊಂದು ನುಗ್ಗಿ ಒಳಗೇ ತುಂಬುತ್ತವೆ. ಸುಮ್ಮನೆ ನಡೆಸಿಕೊಂಡು ಬಂದ ದಿನ ಬಾಗಿಲು ಮುಚ್ಚಲು ತಡ ಮಾಡಿದೆಯೋ, ಒಳಗೆ ಹೋದ ಆಡು ತಿರುಗಿ ನಿನ್ನ ಮುಖ ನೋಡಿ ಆಚೆ ಬರುತ್ತದೆ. ಇದನ್ನು ಹೇಳಿದೆ.

"ನಮ್ಮ ಸರ್ ಮೂರು ದಿನ ಪಾಠ ಮಾಡಿದ್ರು ಅಜ್ಜಿ. ಆಡು ಅಂತ ಒಂದು ಮಾತು ಅನ್ಲಿಲ್ಲ."

"ಅವ್ರು ಆಡು ಸಾಕಿರ್ನಿಲ್ಲ ಬುಡು. ಈಗ ಯೋಳು, ನಿನ್ ರೇಸ್ ದಾರೀಲಿ ಎಲ್ಲಿ ಅಟ್ತೀಯಾ, ಎಲ್ಲಿ ನಡೆಸ್ತೀಯಾ?"

ಲೇತಿನ ಕೆಳಗೆ ಬಿದ್ದಿದ್ದ ಮರದ ಹೊಟ್ಟನ್ನು ಹರಡಿ, ಅವಳು ಬೆರಳಿನಲ್ಲಿ ದಾರಿ ಬರೆದಳು. ಜೋರಾಗಿ ಹೋಗುವ ಕಡೆಗೆಲ್ಲ ನಾನು ಹುಣಸೆಬೀಜ ಇಟ್ಟೆ, ನಿಧಾನದ ಕಡೆಗೆಲ್ಲ ಅವಳು ಅವರೆಕಾಳು ಇಟ್ಟಳು. ಹುಣಸೆಬೀಜ ಎರಡೇ ಎರಡು. ಅವರೆಕಾಳು ಏಳು. ಏರಿನ ಬುಡದಲ್ಲೂ ಅವರೆಕಾಳೇ. ತಿರುವು ಮುಗಿದ ಕೂಡಲೇ ಏರು, ವೇಗ ತೆಗೆದುಕೊಳ್ಳಲು ಜಾಗವೇ ಇಲ್ಲ.

ಅವರೆಕಾಳುಗಳನ್ನು ಮತ್ತೊಂದು ಸಲ ಎಣಿಸಿದಳು. "ಆದ್ರೆ ನೇರ ದಾರೀಲಿ ಎಲ್ಲಾ ನನ್ನ ದಾಟ್ಕೊಂಡು ಹೋಗ್ಬುಡ್ತಾರೆ ಅಜ್ಜಿ."

"ಓಗ್ಲಿ ಬುಡು. ಏರಲ್ಲಿ ಸಿಗ್ತಾರೆ."

ಕಂಪನಿಯದು ಸಾಲದು, ದಪ್ಪದ್ದು ನಿಧಾನದಲ್ಲಿ ನಿದ್ದೆ ಮಾಡುತ್ತದೆ. ನಡುವಿನದನ್ನು ಬಟ್ಟೆಯಲ್ಲಿ ಸುತ್ತಿ ಬೇರೆ ಇಟ್ಟಳು. ನಾನು ಹೇಳಿ ಮಾಡಿಸಿದ್ದಲ್ಲ, ಅವಳೇ ಇಟ್ಟದ್ದು.

ಗುರುವಾರ ನಾನೂ ರಾಮನಗರಕ್ಕೆ ಹೋದೆ. "ನಡುವಿಂದಾ? ಗ್ಯಾರಂಟೀನಾ? ಹುಡುಗರೆಲ್ಲಾ ದೊಡ್ಡದೇ ಕೇಳ್ತಾರೆ" ಎಂದ ಮೆಕ್ಯಾನಿಕ್, ಅವಳು ಹೌದು ಎಂದ ಮೇಲೆ ಮತ್ತೆ ಕೇಳಲಿಲ್ಲ. ಆ ಉಬ್ಬಿನ ಅಂಚು ನನ್ನ ಬೆರಳಿಗೆ ಒಂದು ಕಡೆ ತುಸು ಚೂಪು ಎನಿಸಿತು. "ಕೊಡಪ್ಪಾ, ಒಸಿ ಉಜ್ಜಿ ನುಣ್ಣಗೆ ಮಾಡ್ಕೊಡ್ತೀನಿ" ಎಂದು ಕೈಚೀಲದಿಂದ ಮರಳುಕಾಗದ ತೆಗೆದೆ. ಅವನು ಮಗುವನ್ನು ಕಸಿದುಕೊಳ್ಳುವವನ ಹಾಗೆ ಕ್ಯಾಮನ್ನು ಎದೆಗೆ ಅವುಚಿಕೊಂಡ.

"ಅಮ್ಮಾ, ಅಮ್ಮಾ! ಮೇಲಿನ ತೆಳು ಪದರ ಮಾತ್ರ ಗಟ್ಟಿ ಇರೋದು. ಉಜ್ಜಿದ್ರೆ ಎರಡೇ ದಿನಕ್ಕೆ ಸವೆದು ಹೋಗ್ತದೆ. ನಿಮ್ಮ ಗೊಂಬೆಗೆ ಅರಗು ಹಾಕಿದ್ಮೇಲೆ ಯಾರಾದ್ರೂ ಉಜ್ಜಿದ್ರೆ ಸುಮ್ನಿರ್ತೀರಾ?"

ಆ ಮಾತಿಗೆ ನಾನು ಮರಳುಕಾಗದ ಒಳಗಿಟ್ಟೆ. ಅವನಿಗೆ ಕೆಲಸ ಗೊತ್ತು. ಪಿಸ್ಟನ್ನಿನ ತಲೆಗೆ ಮೆತ್ತನೆ ಜೇಡಿಮಣ್ಣು ಮೆತ್ತಿ, ಕೈಯಲ್ಲೇ ಇಂಜಿನ್ನನ್ನು ತಿರುಗಿಸಿ, ಮತ್ತೆ ಬಿಚ್ಚಿ, ವಾಲ್ವು ಒತ್ತಿದ ಗುರುತನ್ನು ಬ್ಲೇಡಿನಲ್ಲಿ ಕೊಯ್ದು ದಪ್ಪ ನೋಡಿದ. ಹೊಸ ಉಬ್ಬು ವಾಲ್ವನ್ನು ಇನ್ನೂ ಕೆಳಕ್ಕೆ ತಳ್ಳುತ್ತದಲ್ಲ, ಪಿಸ್ಟನ್ನಿಗೆ ಬಡಿಯಬಾರದು. ಜಾಗ ಸಾಕಷ್ಟಿತ್ತು. ಸ್ಪ್ರಿಂಗುಗಳನ್ನೂ ಗಟ್ಟಿಯವು ಹಾಕಿ ಮುಚ್ಚಿದ. ಮೊದಲ ಕಿಕ್ಕಿಗೇ ಇಂಜಿನ್ ಹತ್ತಿಕೊಂಡಿತು. ಆ ಸದ್ದು ಅಡಗುವ ಮೊದಲೇ ನಾನು ಅಂಗಡಿಯವರಿಗೆಲ್ಲ ಟೀ ಹೇಳಿದ್ದೆ.

ಭಾನುವಾರ ಹದಿನಾಲ್ಕು ಬೈಕು. ಏರಿನ ಮೇಲಿನ ಬಂಡೆಯ ನೆರಳಲ್ಲಿ ನಾನು ಕೂತೆ, ಮಡಿಲಲ್ಲಿ ಒಂದು ಬಟ್ಟೆಚೀಲ. ಶುರುವಿನ ನೇರ ದಾರಿಯಲ್ಲಿ ಅವಳು ಹೇಳಿದ ಹಾಗೇ ಆಯಿತು. ಒಬ್ಬೊಬ್ಬನೇ ದಾಟಿದ, ನೀಲಿ ಹೆಲ್ಮೆಟ್ಟಂತೂ ಧೂಳೆಬ್ಬಿಸಿ ಹಾರಿಹೋಯಿತು. ಅವರು ಮೊದಲು ಏರಿಗೆ ಬಂದರು. ತಿರುವಿನಲ್ಲಿ ನಿಧಾನವಾದರು, ಏರಿಗೆ ಬಿದ್ದರು. ಒಂದು ಬೈಕು ಕೆಮ್ಮಿತು. ಇನ್ನೊಂದು ಕುಂಟಿತು. ಕ್ಲಚ್ಚು ಹಿಡಿದು ಕಿರುಚಿಸಿದರೆ ಚಕ್ರ ಸುಮ್ಮನೆ ಮಣ್ಣು ತೋಡಿತು. ನೀಲಿ ಹೆಲ್ಮೆಟ್ಟು ನಡು ಏರಿನಲ್ಲಿ ಕಾಲು ಊರಿ ನಿಂತಿತು.

ನನ್ನ ಕೂಸು ಬಂದಳು. ಸದ್ದು ಏರಲಿಲ್ಲ, ಇಳಿಯಲಿಲ್ಲ. ಹೊರೆ ಹೊತ್ತ ಎತ್ತು ತಲೆ ತಗ್ಗಿಸಿ ಹತ್ತುವ ಹಾಗೆ ಡುಗುಡುಗು ಎಂದು ಅವರ ಪಕ್ಕದಲ್ಲೇ ಹತ್ತಿದಳು. ಹಿಂದೆ ಯಾರ ಕೈಯೂ ಇಲ್ಲ! ನಾನು ಎದ್ದು ನಿಂತು ಏನು ಕೂಗಿದೆನೋ ನನಗೆ ನೆನಪಿಲ್ಲ. ಪಕ್ಕದಲ್ಲಿದ್ದವರು ಒಸಿ ದೂರ ಸರಿದು ಕೂತರು.

ಪ್ರತಿ ಸುತ್ತಿನಲ್ಲೂ ಇದೇ. ನೇರದಲ್ಲಿ ಅವರು ಕಸಿದುಕೊಂಡದ್ದನ್ನು ಇವಳು ಏರಿನಲ್ಲಿ ವಾಪಸು ಪಡೆದಳು. ಕೊನೆಗೆ ನಾಲ್ಕನೆಯವಳಾಗಿ ಬಂದಳು. ನಾಲ್ಕನೆಯವರಿಗೆ ಬಹುಮಾನದ ಕಪ್ಪು ಇಲ್ಲವಂತೆ. ಇಲ್ಲದಿದ್ದರೆ ಬೇಡ, ಮನೆಯಲ್ಲಿ ಇಡಲೂ ಜಾಗವಿಲ್ಲ.

ಹೆಲ್ಮೆಟ್ಟು ತೆಗೆದು ನನ್ನ ಹತ್ತಿರ ಬಂದಾಗ ಅವಳ ಮುಖದಲ್ಲಿ ಹಲ್ಲು ಬಿಟ್ಟು ಉಳಿದದ್ದೆಲ್ಲ ಮಣ್ಣು. ಹಿಂದೆಯೇ ಆ ನೀಲಿ ಹೆಲ್ಮೆಟ್ಟಿನವನೂ ಬಂದ.

"ಅಲ್ಲ ಕಣಮ್ಮ, ಯಾವ ಕ್ಯಾಮ್ ಹಾಕ್ಸಿದೀಯ?"

ಅವಳು ನನ್ನ ಕಡೆ ಕೈ ತೋರಿಸಿದಳು. ನಾನು ಚೀಲದಿಂದ ಕೋಳಿಗಾಡಿ ತೆಗೆದೆ.

"ಗೊಂಬೆ ತಕ್ಕಂಬಾ ಅಂದಿದ್ಯಂತಲ್ಲಪ್ಪಾ? ತಂದಿವ್ನಿ, ತಕ."

ಪಾಪ, ಅವನಿಗೆ ಹೋದ ವರ್ಷದ ಮಾತು ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. ನೆನಪಾದ ಮೇಲೆ ಕೆನ್ನೆ ಕೆಂಪಾಯಿತು, ಆದರೂ ಒಳ್ಳೆಯ ಹುಡುಗ, ನಕ್ಕುಬಿಟ್ಟ. "ತಪ್ಪಾಯ್ತು ಅಜ್ಜಿ. ಇದ್ರಲ್ಲಿ ಏನೈತೆ?"

"ಅದ್ರೊಳ್ಗೆ ಎರಡು ಬಿಲ್ಲೆ ಮಡಗಿವ್ನಿ. ಒಂದು ನಿಂದು, ದಪ್ಪಂದು. ಒಂದು ಇವಳ್ದು, ನಡುವಿಂದು. ಬದ್ಲಾಯ್ಸಿ ಬದ್ಲಾಯ್ಸಿ ಎಳ್ದು ನೋಡು. ಜೋರಾಗಲ್ಲ ಮಗಾ, ನಿಧಾನಕ್ಕೆ."

ಅವನು ಅಲ್ಲೇ ಬಂಡೆಯ ನೆರಳಲ್ಲಿ ಕೂತು, ಇವಳ ಬಿಲ್ಲೆ ಹಾಕಿ, ಮಣ್ಣುಗೈಯಲ್ಲಿ ದಾರ ಹಿಡಿದು, ಬಹಳ ನಿಧಾನವಾಗಿ ಎಳೆದ. ಕೋಳಿ ಕುಕ್ಕಿತು.