ಪಟಾಲಂ ಎಂದರೆ ಎಷ್ಟು ಜನ

ಮೊನ್ನೆ ಮದ್ದೂರು ಬಸ್ ನಿಲ್ದಾಣದಲ್ಲಿ ಮುತ್ತತ್ತಿಗೆ ಹೊರಟಿದ್ದ ಹುಡುಗರ ಹಿಂಡೊಂದನ್ನು ಕಂಡಕ್ಟರು ಗದರುತ್ತಿದ್ದ: "ಬೇಗ ಬಸ್ ಅತ್ರುಲಾ, ಏನ್ ಪಟಾಲಮ್ಮೋ ನಿಮ್ದು!" ಹುಡುಗರು ನಕ್ಕರು. ನನಗೆ ಮಾತ್ರ ಆ ಪದ ಕಿವಿಗೆ ಬಿದ್ದರೆ ಇಂದಿಗೂ ಎದೆ ಒಂದು ಸಲ ಧಸಕ್ಕೆನ್ನುತ್ತದೆ.

ನಿಮಗೂ ಗೊತ್ತಿರುತ್ತದೆ, ನಮ್ಮ ಕಡೆ ಪಟಾಲಂ ಎಂದರೆ ಪುಂಡರ ಗುಂಪು. ಮದುವೆಮನೆಗೆ ಒಟ್ಟಾಗಿ ನುಗ್ಗುವ ನೆಂಟರೂ ಪಟಾಲಮ್ಮೇ. ಪದ ಬಂದದ್ದು ದಂಡಿನಿಂದ. ಮೂವತ್ತು ಚಿಲ್ಲರೆ ಸಿಪಾಯಿಗಳ ಪ್ಲಟೂನಿನಿಂದ ಎನ್ನುವವರಿದ್ದಾರೆ, ನೂರಾರು ಜನರ ಬೆಟಾಲಿಯನ್ನಿನಿಂದ ಎನ್ನುವವರೂ ಇದ್ದಾರೆ. ನಮ್ಮ ನಾಲಿಗೆ ಎರಡನ್ನೂ ಒಂದೇ ಉಂಡೆ ಮಾಡಿ ನುಂಗಿತು. ಮಂಡ್ಯದಲ್ಲಿ ಕನ್ನಡ ಎಂ.ಎ. ಓದುವಾಗ ನಾನು ಇದನ್ನೆಲ್ಲ ಹೇಳಿಕೊಂಡು ಬೀಗುತ್ತಿದ್ದೆ. ಬೇಕಾದ ದಿನ ಒಂದೂ ನೆನಪಿಗೆ ಬರಲಿಲ್ಲ.

ಅಂದು ನಾನು ಬೆಸಗರಹಳ್ಳಿಯ ಅತ್ತೆಯ ಮನೆಯಲ್ಲಿದ್ದೆ. ಅತ್ತೆಯ ಗಂಡ, ನನ್ನ ಸೋದರಮಾವ, ಗಡಿಯ ಹಿಮದಲ್ಲಿ ಕಾವಲಿಗಿದ್ದರು. ಮಳವಳ್ಳಿಯಿಂದ ಅತ್ತೆಯ ಅಣ್ಣ ಫೋನ್ ಮಾಡಿ, "ಭಾವನ ಪಟಾಲಂ ಮಂಜಿನಡಿ ಸಿಕ್ಕಾಕೊಂಡದಂತೆ ಕಣವ್ವ, ಟೀವೀಲಿ ಬತ್ತಾದೆ" ಎಂದ.

ಅತ್ತೆ ಅಳಲಿಲ್ಲ. ಮುದ್ದೆಗಿಟ್ಟ ಎಸರು ಇಳಿಸಿ, ಫೋನನ್ನು ಮಡಿಲಲ್ಲಿಟ್ಟುಕೊಂಡು ಹೊಸಿಲ ಬಳಿ ಕುಳಿತರು. ನಾನು ಎಷ್ಟು ಒತ್ತಿದರೂ ಮಾವನ ನಂಬರು ಹತ್ತಲಿಲ್ಲ. ಅಕ್ಕಪಕ್ಕದ ಹೆಂಗಸರು ಬಂದು ಸುತ್ತ ಕುಳಿತರು.

ಮರುದಿನ ಮಧ್ಯಾಹ್ನ ಫೋನು ಬಂತು. ಮಾವನ ದನಿ ನನಗೂ ಕೇಳುತ್ತಿತ್ತು.

"ನಾನೇ ಕಣಮ್ಮಿ. ಸಿಕ್ಕಾಕೊಂಡಿದ್ದು ನಮ್ ಪ್ಲಟೂನಲ್ಲ, ಪಕ್ಕದ್ದು. ಮಂಜು ಅಗ್ದು ಅವ್ರ್‌ನೂ ಈಚೆಗ್ ತಗ್ದೋ. ಎಲ್ರೂ ಉಳ್ಕಂಡ್ರು."

"ಮತ್ತೆ ನಿಮ್ ಪಟಾಲಮ್ಮು ಅಂದ್ರು?"

"ಬೆಟಾಲಿಯನ್ನು ನಮ್ದೇಯ. ಅದ್ರೊಳಗೆ ಇಂಥ ಪ್ಲಟೂನು ಬೇಕಾದಷ್ಟವೆ."

"ಒಂದೇ ಮಾತ್ಗೆ ಎಲ್ಡರ್ಥ ಮಡಿಕ್ಕಂಡು ನನ್ ಜೀವ ತಗೀತಿದ್ರಲ್ಲಾ!" ಎಂದು ಅತ್ತೆ ಬೈದರು. ಬೈಯುತ್ತ ಬೈಯುತ್ತಲೇ ಅತ್ತರು. ಆಮೇಲೆ ಮೂಗೊರೆಸಿಕೊಂಡು ನನ್ನತ್ತ ತಿರುಗಿ, "ಅಸಿವಾಯ್ತದೆ ಕಣ್ಲಾ" ಎಂದರು. ಆ ಹೊತ್ತು ಅವರು ಉಂಡ ಹಾಗೆ ಯಾರೂ ಉಂಡದ್ದನ್ನು ನಾನು ಕಂಡಿಲ್ಲ.

ಮಾವ ನಿವೃತ್ತರಾಗಿ ಊರು ಸೇರಿ ವರ್ಷಗಳಾದವು. ಆದರೂ ಮೊನ್ನೆ ಬಸ್ಸು ಹತ್ತಿದವನೇ ಅತ್ತೆಗೆ ಫೋನ್ ಮಾಡಿದೆ.

"ಮಾವ ಎಲ್ಲಿ ಅತ್ತೆ?"

"ಗದ್ದೆಗೆ ನೀರ್ ಕಟ್ತಾವ್ರೆ. ಇಲ್ಲಿಂದ ಕೂಗುದ್ರೆ ಕೇಳ್ತದೆ. ಕರೀಲಾ?"

"ಬ್ಯಾಡ ಬುಡತ್ತೆ, ಸುಮ್ಕೆ ಮಾಡ್ದೆ."

ಬೇಡವೆಂದರೂ ಅವರು ಕೂಗಿಯೇ ಬಿಟ್ಟರು. ದೂರದಿಂದ ಮಾವ "ಓ" ಎಂದದ್ದು ಫೋನಿನಲ್ಲಿ ನನಗೂ ಕೇಳಿಸಿತು.