ಚಿಲಕ ಹಾಕಿತ್ತು

ವೀಣಾ ಅವರೇ, ಆ ದಿನ ನಿಮ್ಮ ಮನೆಯ ಗೇಟು ತೆಗೆದಿರಲಿಲ್ಲ. ಚಿಲಕ ಹಾಕಿತ್ತು. ತೆಗೆದಿತ್ತು ಎಂದು ನಾನು ಎಲ್ಲರೆದುರಿಗೆ ಹೇಳಿದ್ದು ಸುಳ್ಳು.

ಈ ಮೂರು ಸಾಲು ಬರೆದ ಮೇಲೆ ಎದ್ದು ಹೋಗಿ ನೀರು ಕುಡಿದು ಬಂದೆ. ಹತ್ತು ವರ್ಷಕ್ಕೂ ಮಿಕ್ಕಿ ಒಳಗಿಟ್ಟುಕೊಂಡದ್ದು, ಹೊರಗೆ ಬಂದಾಗ ಇಷ್ಟೇ ಇಷ್ಟು. ಹಗುರಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಸುಸ್ತು ಮಾತ್ರ ಇದೆ. ಅರ್ಧ ಕಥೆ ನಿಮಗೆ ಗೊತ್ತೇ ಇದೆ. ಆದರೂ ಮೊದಲಿನಿಂದಲೇ ಹೇಳುತ್ತೇನೆ. ನಡುವಿನಿಂದ ಹೇಳಲು ಹೊರಟರೆ ಎಲ್ಲಾದರೂ ಒಂದು ಕಡೆ ನನ್ನನ್ನು ನಾನು ಬಚಾವು ಮಾಡಿಕೊಂಡುಬಿಡುತ್ತೇನೆ.

ಎರಡು ಸಾವಿರದ ಇಸವಿಗೆ ಸ್ವಲ್ಪ ಮುಂಚಿನ ಮಾತು. ಬಿ.ಎಸ್ಸಿ. ಮುಗಿಸಿ, ಬನ್ನೇರುಘಟ್ಟ ರಸ್ತೆಯ ಒಂದು ಆಫೀಸಿಗೆ ಹೋಗುತ್ತ, ಬಿ.ಟಿ.ಎಂ. ಲೇಔಟಿನಲ್ಲಿ ಮಹಡಿ ಮೇಲೊಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಬಿಳೇಕಹಳ್ಳಿಯ ಮೋರಿಯೊಂದರ ಪಕ್ಕ ಆ ಮರಿ ಸಿಕ್ಕಿತು. ಮೈಯೆಲ್ಲ ಕಜ್ಜಿ, ಒಂದು ಕಿವಿಯಲ್ಲಿ ಹುಳ. ಬೀದಿನಾಯಿಗಳಿಗೆ ಮನೆ ಹುಡುಕಿಕೊಡುತ್ತಿದ್ದ ಜೆ.ಪಿ. ನಗರದ ಶ್ಯಾಮಲಾ ಆಂಟಿಯ ಹತ್ತಿರ ಎತ್ತಿಕೊಂಡು ಹೋದೆ. "ನಮ್ಮನೇಲಿ ಜಾಗ ಇಲ್ಲ ಕಣೇ. ಒಂದು ತಿಂಗಳು ನೀನೇ ಇಟ್ಕೋ, ಅಷ್ಟರಲ್ಲಿ ಮನೆ ನೋಡ್ತೀನಿ" ಅಂದರು. ನನ್ನ ಮನೆ ಓನರು, "ಒಂದು ತಿಂಗಳು ಅಂದ್ರೆ ಒಂದೇ ತಿಂಗಳು. ಆಮೇಲೆ ಅದರ ಜೊತೆ ನೀನೂ ಗಂಟುಮೂಟೆ ಕಟ್ಟು" ಅಂದರು.

ತಿಂಗಳು ಕಳೆಯಿತು, ಓನರನ್ನು ಕಾಡಿ ಬೇಡಿ ಇನ್ನೂ ಆರು ಕಳೆದವು, ಮರಿ ಬೆಳೆದು ನಾಯಿಯಾಯಿತು. ಜಯನಗರ ಕಾಂಪ್ಲೆಕ್ಸಿನ ಅಂಗಡಿಯಲ್ಲಿ ಅಂಟಿಸಿದ್ದ ಚೀಟಿ ನೋಡಿ ಜನ ಫೋನ್ ಮಾಡುತ್ತಿದ್ದರು. ಎಲ್ಲರದೂ ಮೊದಲ ಪ್ರಶ್ನೆ ಒಂದೇ — "ಗಂಡಾ, ಹೆಣ್ಣಾ?" ಹೆಣ್ಣು ಎಂದರೆ, "ಓ... ಮನೇಲಿ ಕೇಳಿ ಹೇಳ್ತೀವಿ." ಯಾರೂ ತಿರುಗಿ ಫೋನ್ ಮಾಡುತ್ತಿರಲಿಲ್ಲ. ಪ್ರತಿ ಸಲ ಶ್ಯಾಮಲಾ ಆಂಟಿ ಬೈದುಕೊಳ್ಳುವಾಗ ನಾನೂ ಜೊತೆಗೆ ಬೈಯುತ್ತಿದ್ದೆ. ಒಳಗೆ ಮಾತ್ರ — ಸದ್ಯ, ಇನ್ನೊಂದು ವಾರ ನನ್ನ ಜೊತೆಗಿರುತ್ತದಲ್ಲ ಎಂದು.

ಕಳ್ಳಿ ಎಂದು ಕರೆಯುತ್ತಿದ್ದೆ. ತಟ್ಟೆಯಿಂದ ಚಪಾತಿ, ಹಾಸಿಗೆಯಡಿಯಿಂದ ಕಾಲುಚೀಲ, ಅವಳು ಕದಿಯದ ವಸ್ತುವಿಲ್ಲ. ಸಂಜೆ ನಾನು ಬಸ್ಸಿಳಿದು ಬೀದಿಯ ತಿರುವಿನಿಂದ "ಕಳ್ಳೀ" ಎಂದರೆ ಸಾಕು, ಮೆಟ್ಟಿಲಿಳಿದು ಬಂದು ಓನರ ಗೇಟನ್ನು ಒಂದೇ ನೆಗೆತಕ್ಕೆ ಹಾರಿ ನನ್ನ ಕಾಲಿಗೆ ಬೀಳುತ್ತಿದ್ದಳು. ಎದೆಮಟ್ಟದ ಗೇಟು. ನನಗೆ ಅದೊಂದು ಹೆಮ್ಮೆ.

ಆಮೇಲೆ ನಿಮ್ಮ ಅತ್ತೆ ರುಕ್ಮಿಣಮ್ಮನವರ ಫೋನ್ ಬಂತು. ಪಕ್ಕದ ಬೀದಿಯಲ್ಲಿ ಕಳ್ಳತನವಾಗಿದೆ, ನಾಯಿ ಬೇಕು, ಹೆಣ್ಣಾದರೂ ಪರವಾಗಿಲ್ಲ ಎಂದು. ನಾಯಿಯನ್ನು ಕರೆದುಕೊಂಡು ಬಂದು ಜಯನಗರದ ನಿಮ್ಮ ವರಾಂಡದಲ್ಲಿ ನಾನೂ ಶ್ಯಾಮಲಾ ಆಂಟಿಯೂ ಕೂತಿದ್ದೆವು.

"ಮಾಂಸ ಗೀಂಸ ಕೇಳುತ್ತೇನಮ್ಮ?"

"ಇಲ್ಲ ಆಂಟಿ, ಮೊಸರನ್ನ ಅಂದ್ರೆ ಪ್ರಾಣ." ಇದು ನಿಜ.

"ಕಾಂಪೌಂಡು ಗೀಂಪೌಂಡು ಹಾರುತ್ತಾ?"

"ಇಲ್ಲ ಆಂಟಿ. ತುಂಬಾ ಸಾಧು."

ಅದು ಮೊದಲನೆಯ ಸುಳ್ಳು. ಈ ಮನೆಯೂ ಬೇಡವೆಂದರೆ ಎಂಬ ಭಯಕ್ಕೆ ಹೇಳಿದೆನೋ, ಅಥವಾ — ಗೊತ್ತಿಲ್ಲ. ಅಷ್ಟರಲ್ಲಿ ನೀವು ಒಳಗಿನಿಂದ ಒದ್ದೆ ಕೈಯಲ್ಲೇ ಬಂದು ನೆಲದ ಮೇಲೆ ಕೂತಿರಿ. ಅವಳು ನೇರ ಹೋಗಿ ನಿಮ್ಮ ಮಡಿಲಲ್ಲಿ ತಲೆಯಿಟ್ಟಳು. ನನ್ನ ಕಡೆ ನೋಡಲಿಲ್ಲ. "ಧಾರವಾಡದಾಗ ನಮ್ಮ ಮನ್ಯಾಗ ನಾಯಿ ಇರದ ದಿನಾನ ಇಲ್ರಿ" ಅಂದಿರಿ ನೀವು. "ಇಲ್ಲಿಗೆ ಬಂದ ಮ್ಯಾಲೆ ಹಗಲೆಲ್ಲಾ ಮಾತಾಡಲಿಕ್ಕೆ ಯಾರೂ ಇಲ್ಲ." ನಿಮ್ಮ ಅತ್ತೆ, "ಯಾಕೆ, ನಾವೇನು ಮೂಗರಾ?" ಅಂದರು. ಎಲ್ಲರೂ ನಕ್ಕೆವು. ನೀವು ಸ್ವಲ್ಪ ತಡವಾಗಿ ನಕ್ಕಿರಿ.

ಅವಳು ಜೂಲಿ ಆದಳು. ನಿಮ್ಮ ಬಾಯಲ್ಲಿ ಜೂಲವ್ವ.

ಹೊರಡುವಾಗ ಶ್ಯಾಮಲಾ ಆಂಟಿ ಆಟೋದಲ್ಲಿ ಹೇಳಿದ್ದರು. "ನೋಡು, ಕೆಲವು ತಿಂಗಳು ಆ ಬೀದಿ ಕಡೆ ತಲೆ ಹಾಕ್ಬೇಡ. ಅದು ನಿನ್ನ ಧ್ವನಿ ಮರೀಬೇಕು. ಅಳೋದಿದ್ರೆ ನಮ್ಮನೆಗೆ ಬಂದು ಅಳು, ಕಾಫಿ ಕೊಡ್ತೀನಿ." ಇದು ಅವರು ಎಲ್ಲರಿಗೂ ಹಾಕುತ್ತಿದ್ದ ಒಂದೇ ನಿಯಮ.

ನಾನು ಹೋದೆ. ಒಂದು ಸಲವಲ್ಲ, ಹಲವು ಸಲ. ಎದುರು ಫುಟ್‌ಪಾತಿನ ಹೊಂಗೆಮರದ ಹಿಂದೆ ನಿಂತು ನೋಡಿ ಬರುತ್ತಿದ್ದೆ. ನೀವು ಕಟ್ಟೆ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಿರಿ. ಅವಳು ನಿಮ್ಮ ಪಾದದ ಮೇಲೆ ಗದ್ದ ಊರಿ ಮಲಗಿರುತ್ತಿದ್ದಳು. ಚೆನ್ನಾಗಿದ್ದಾಳೆ ಎಂದು ಸಮಾಧಾನವಾಗಬೇಕಿತ್ತು. ನನಗೆ ಬೇಕಾಗಿದ್ದದ್ದು ಅವಳು ಒಂದು ಸಲ, ಒಂದೇ ಒಂದು ಸಲ, ನನ್ನ ನೆನಪು ಮಾಡಿಕೊಳ್ಳುವುದು — ಇದನ್ನು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ.

ಆ ಬೆಳಿಗ್ಗೆ ವರಾಂಡದಲ್ಲಿ ಯಾರೂ ಇರಲಿಲ್ಲ. ನೀವು ಒಳಗಿದ್ದಿರಿ. ನಿಮ್ಮ ಮಾವ ಕೊತ್ತಂಬರಿ ಕಟ್ಟು ಹಿಡಿದು ರಸ್ತೆ ಬದಿಯಲ್ಲಿ ಮನೆ ಕಡೆ ನಡೆದು ಬರುತ್ತಿದ್ದರು. ಅವಳು ಗೇಟಿನ ಒಳಗೆ ಬಿಸಿಲು ಕಾಯುತ್ತಿದ್ದಳು. ನಾನು ಕರೆದೆ. ಜೋರಾಗಿಯೂ ಅಲ್ಲ.

"ಕಳ್ಳೀ."

ಕಿವಿ ನಿಗುರಿತು. ಮುಂದಿನದು ನನಗೆ ಬಿಡಿಬಿಡಿಯಾಗಿಯೇ ಕಾಣುತ್ತದೆ, ಎಷ್ಟು ಸಲ ಕಂಡರೂ. ಅವಳು ಗೇಟಿನ ಮೇಲೆ, ಗಾಳಿಯಲ್ಲಿ. ಅವಳು ರಸ್ತೆಯಲ್ಲಿ. ನಿಮ್ಮ ಮಾವ ಅವಳನ್ನು ಕಂಡು "ಏ ಜೂಲಿ, ಜೂಲಿ" ಎಂದು ರಸ್ತೆಗಿಳಿದದ್ದು. ಎಡದಿಂದ ಬಂದ ಟೆಂಪೋ. ಬ್ರೇಕಿನ ಆ ಶಬ್ದ. ಟಾರಿನ ಮೇಲೆ ಚೆಲ್ಲಿದ ಕೊತ್ತಂಬರಿ, ಒಂದೇ ಒಂದು ಚಪ್ಪಲಿ. ನಾನು ಕೂಗಬಹುದಿತ್ತು, ಓಡಬಹುದಿತ್ತು. ಮರ ಹಿಡಿದುಕೊಂಡು ನಿಂತಿದ್ದೆ. ನಿಮ್ಮ ಮಾವ ಅಲ್ಲಿ ಬಿದ್ದಿದ್ದರು, ಇವಳು ಇಲ್ಲಿ ನನ್ನ ಕಾಲ ಬಳಿ ಬಾಲವಾಡಿಸುತ್ತ ಸಂತೋಷದಿಂದ ನನ್ನ ಕೈ ನೆಕ್ಕುತ್ತಿದ್ದಳು. ಆ ನಾಲಿಗೆಯ ಬಿಸಿ... ಈಗಲೂ ರಸ್ತೆಯಲ್ಲಿ ಎಲ್ಲಾದರೂ ಬ್ರೇಕ್ ಕಿರುಗುಟ್ಟಿದರೆ ನನ್ನ ಬಲಗೈ ಒದ್ದೆಯಾದ ಹಾಗಾಗುತ್ತದೆ.

ಆಗ ನೀವು ಮನೆಯೊಳಗಿನಿಂದ ಓಡಿ ಬಂದಿರಿ. ನಾನು ನೋಡಿದೆ, ವೀಣಾ. ನೀವು ಚಿಲಕ ಎತ್ತಿದಿರಿ. ಮೊದಲ ಸಲ ಜಾರಿತು. ಎರಡನೆಯ ಸಲ ಎತ್ತಿ, ಗೇಟು ತಳ್ಳಿ ರಸ್ತೆಗೆ ಬಂದಿರಿ. ನಿಮ್ಮ ಹಿಂದೆ ಅತ್ತೆ. ಗೇಟು ಹಾರುಹೊಡೆದುಕೊಂಡು ನಿಂತಿತ್ತು.

ಜನ ಸೇರಿದರು. ಟೆಂಪೋದವನು, "ನಾಯಿ ಅಡ್ಡ ಬಂತು ಸಾರ್, ಅದನ್ನ ಹಿಡಿಯೋಕೆ ಯಜಮಾನ್ರು ನುಗ್ಗಿದ್ರು" ಎಂದು ಅಳುತ್ತಿದ್ದ. ಯಾರೋ ಅವನ ಕಾಲರು ಹಿಡಿದಿದ್ದರು. ರುಕ್ಮಿಣಮ್ಮ ನಿಮ್ಮ ಕಡೆ ತಿರುಗಿದರು. "ಗೇಟ್ ಯಾರೇ ತೆಗೆದಿಟ್ಟಿದ್ದು?"

"ಹಾಲು ತಗೊಂಡು ಬರುವಾಗ ನಾನ ಚಿಲಕಾ ಹಾಕೀನ್ರಿ, ಅತ್ತಿ."

"ನಿನಗೆ ಯಾವತ್ತು ನೆನಪಿತ್ತು ಹೇಳು. ಒಲೆ ಮೇಲೆ ಹಾಲಿಟ್ಟು ಮರೀತೀಯ, ಗೇಟ್ ಮರೆಯಲ್ವಾ?"

ಆಗಲೇ ಅವರ ಕಣ್ಣಿಗೆ ನಾನು ಬಿದ್ದೆ, ಪಕ್ಕದಲ್ಲಿ ನಾಯಿ. "ಸುಧಾ, ನೀನು ಇಲ್ಲೇ ಇದ್ಯಲ್ಲಮ್ಮ? ನೀನು ನೋಡಿದ್ಯಾ?"

ಓದಿದ ಹುಡುಗಿ, ಹೊರಗಿನವಳು, ಯಾರ ಪರವೂ ಅಲ್ಲದವಳು. ಎಲ್ಲರೂ ನನ್ನ ಮಾತಿಗೆ ಕಾದಿದ್ದರು.

"ಕಾಂಪ್ಲೆಕ್ಸ್ ಕಡೆ ಹೋಗ್ತಾ ಇದ್ದೆ ಆಂಟಿ" ಅಂದೆ. "ಗೇಟು ತೆಗೆದಿತ್ತು."

ಆ ಡ್ರೈವರನ್ನು ಉಳಿಸಲು ಹಾಗೆ ಹೇಳಿದೆ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಸುಳ್ಳು. ಅವನನ್ನು ಉಳಿಸಲು "ನಾನು ಕರೆದೆ" ಎಂದರೂ ಸಾಕಾಗುತ್ತಿತ್ತು.

ನಿಮ್ಮ ಮಾವನ ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋಗಲು ಆಟೋ ನಿಲ್ಲಿಸಿದವಳು ನಾನೇ. ನೀವು ನನ್ನ ಕೈ ಹಿಡಿದು, "ಭಾಳ ಛಲೋ ಆತು, ನೀವು ಇದ್ರಿ" ಅಂದಿರಿ. ಅವರು ಬದುಕಿದರು, ಆದರೆ ಲಾಲ್‌ಬಾಗಿನ ವಾಕಿಂಗು ನಿಂತಿತು. ಕೊನೆಯವರೆಗೂ ಕೋಲು. ಆ ಕೋಲು ನೆಲಕ್ಕೆ ತಾಗಿದಾಗಲೆಲ್ಲ ಮನೆಯಲ್ಲಿ ನಿಮಗೆ ಏನು ಕೇಳಿಸುತ್ತಿತ್ತೋ, ನಾನು ಊಹಿಸಬಲ್ಲೆ. ಊಹಿಸಿ ಸುಮ್ಮನಿದ್ದೆ.

ಮರುದಿನವೇ ನಾಯಿಯನ್ನು ವಾಪಸು ಕೊಟ್ಟರು. ಅಂದು ಗೇಟಿನ ಹತ್ತಿರ ನಿಂತು ನೀವು ಮೆಲ್ಲಗೆ ಹೇಳಿದ್ದು ಇದು. "ಓಡಿ ಬರುವಾಗ ಚಿಲಕಾ ತೆಗದ ನೆನಪು ನನ್ನ ಕೈಗೆ ಇನ್ನೂ ಅದರೀ. ಆದ್ರ ನೀವು ಕಣ್ಣಾರೆ ನೋಡೀರಿ ಅಂದ ಮ್ಯಾಲೆ... ನಂದ ತಪ್ಪಿರಬೇಕು." ಅದು ನನಗೆ ಸಿಕ್ಕ ಇನ್ನೊಂದು ಅವಕಾಶ. ನಾನು ತಲೆಯಾಡಿಸಿದೆ. ಹೌದು ಎಂದೋ, ಇಲ್ಲ ಎಂದೋ, ಹೇಗಾದರೂ ಅರ್ಥವಾಗುವ ಹಾಗೆ.

ಕಳ್ಳಿಯನ್ನು ಎತ್ತಿಕೊಂಡು ಬಂದೆ. ಮನೆ ಬದಲಾಯಿಸಿದೆ, ನಾಯಿಗೆ ಒಪ್ಪುವ ಓನರು ಬನಶಂಕರಿಯಲ್ಲಿ ಸಿಕ್ಕರು. ಅವಳಿಗೆ ಬೇರೆ ಮನೆ ಹುಡುಕಲು ಶ್ಯಾಮಲಾ ಆಂಟಿಗೆ ಬಿಡಲಿಲ್ಲ. "ಪಾಪ, ನೀನೇ ಇಟ್ಕೊಂಡ್ಯಲ್ಲ, ದೊಡ್ಡ ಮನಸ್ಸು" ಅಂದರು. ಎಲ್ಲರೂ ಹಾಗೇ ಅಂದರು. ಅವಳನ್ನು ಮರಳಿ ಪಡೆಯಲೆಂದೇ ಕರೆದೆನೇ? ಇಲ್ಲ. ಮರಳಿ ಸಿಕ್ಕಾಗ ಸಂತೋಷವಾಯಿತೇ? ಆಯಿತು. ಅದೇ ರಾತ್ರಿ, ನಿಮ್ಮ ಮಾವ ಆಸ್ಪತ್ರೆಯಲ್ಲಿರುವಾಗ, ಅವಳ ಬೆನ್ನಿಗೆ ಕೈಯಿಟ್ಟು ನಾನು ನಿದ್ದೆ ಮಾಡಿದೆ.

ಹೋದ ವಾರ ಅವಳು ಸತ್ತಳು. ವಯಸ್ಸಾಗಿತ್ತು, ನೋವಿರಲಿಲ್ಲ. ತಿಳಿಸೋಣವೆಂದು ನಿಮಗೆ ಫೋನ್ ಮಾಡಿದೆ. ನೀವು ಅಂದಿರಿ, "ನಿಮ್ಮ ಕಡೆ ಇದ್ಲು ಅಂತ ಇಷ್ಟು ವರ್ಷ ಬಾಳಿದ್ಲು ಬಿಡ್ರಿ. ನನ್ನ ಕಡೆ ಇದ್ದಿದ್ರ ಎಂದೋ ಗಾಡಿ ಕೆಳಗ ಹೋಗಿರ್ತಿದ್ಲು." ಮಗಳು ನಾಯಿಮರಿ ಬೇಕೆಂದು ಹಟ ಹಿಡಿದಿದ್ದಾಳೆ, ಬೇಡ ಎಂದು ಹೇಳಿದ್ದೇನೆ ಎಂದಿರಿ. "ನಾ ಗೇಟ್ ಮರಿಯೋ ಹೆಂಗಸು. ನನ್ನ ಕೈಯಾಗ ಒಂದು ಜೀವ ಕೊಡಬಾರದ್ರಿ." ಹಿಂದಿನಿಂದ ಮಗಳು ಕೂಗುತ್ತಿದ್ದಳು. "ಆಂಟಿ, ಅಮ್ಮ ಬೀಗ ಹಾಕಿ ಬಸ್‌ಸ್ಟಾಪ್‌ವರೆಗೂ ಬಂದು ವಾಪಸ್ ಹೋಗಿ ಎಳೆದು ನೋಡ್ತಾಳೆ. ದಿನಾ ಬಸ್ಸು ಮಿಸ್ಸು."

ನೀವು ನಕ್ಕಿರಿ. ಆ ವರಾಂಡದ ನಗು, ಸ್ವಲ್ಪ ತಡವಾಗಿ ಬರುವುದು.

ಮುರಿದದ್ದು ಸೊಂಟ ಮಾತ್ರ ಎಂದು ನಾನು ಲೆಕ್ಕ ಹಾಕಿಕೊಂಡಿದ್ದೆ. ನಿಮ್ಮ ಕೈ ಮೇಲೆ ನಿಮಗಿದ್ದ ನಂಬಿಕೆಯನ್ನೂ ಅದೇ ಬೆಳಿಗ್ಗೆ ನಾನು ಕದ್ದಿದ್ದೆ. ಇಷ್ಟು ವರ್ಷ ಇಟ್ಟುಕೊಂಡೆ.

ಈ ಭಾನುವಾರ ಬರುತ್ತೇನೆ. ನಿಮ್ಮ ಅತ್ತೆಯ ಎದುರಿಗೆ, ನಿಮ್ಮ ಮಗಳ ಎದುರಿಗೆ, ಇದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ. ಮಾವನಿಗೆ ಹೇಳುವ ಕಾಲ ಮೀರಿತು, ಅದು ನನ್ನ ಜೊತೆಗೇ ಇರುತ್ತದೆ. ಕ್ಷಮೆ ಕೇಳಲು ಬರುತ್ತಿಲ್ಲ. ನೀವು ಒಳಗೆ ಕರೆಯದಿದ್ದರೆ ಗೇಟಿನ ಹೊರಗೇ ನಿಂತು ಹೇಳಿ ಹೋಗುತ್ತೇನೆ. ಆಮೇಲೆ ಮಗಳಿಗೆ ಮರಿ ತಂದುಕೊಡುವುದೋ ಬಿಡುವುದೋ ನಿಮಗೆ ಬಿಟ್ಟದ್ದು, ಅದರಲ್ಲಿ ನನ್ನ ಮಾತಿಲ್ಲ.

ಅಂದು ಹಾಲು ತಂದು, ಗೇಟು ಮುಂದೆ ಮಾಡಿ, ನೀವು ಚಿಲಕ ಹಾಕಿದ್ದಿರಿ. ನಿಮ್ಮ ಕೈಗಿದ್ದ ನೆನಪು ಸರಿಯಾಗಿತ್ತು.